ಅಮಲು ಬಿಡಿಸುವ ಚಿಕಿತ್ಸೆಯ ಜೊತೆಗೆ ಸಿಗರೇಟನ್ನೂ ಬಿಡಬಹುದೇ?

"ಪುಡಿ ಬಿಟ್ಟನಲ್ಲ, ಅಷ್ಟೇ ಸಾಕು. ಸಿಗರೇಟಾದರೂ ಸೇದಿಕೊಳ್ಳಲಿ ಬಿಡಿ." ಹೆರಾಯಿನ್ ಅಥವಾ ನೋವಿನ ಮಾತ್ರೆಗಳ ಚಟಕ್ಕೆ ಚಿಕಿತ್ಸೆ ಪಡೆಯುತ್ತಿರುವ ಯುವಕರ ಮನೆಗಳಲ್ಲಿ ಈ ಮಾತು ಕೇಳಿಬರುತ್ತದೆ. ಮಗ ಹಳೆಯ ಗೆಳೆಯರ ಕಡೆ ಮರಳದಿರಲಿ ಎಂದು ತಾಯಿಯೇ ಪ್ಯಾಕೆಟ್‌ಗೆ ಹಣ ಕೊಡುವುದೂ ಇದೆ. ಆ ಭಯ ಅರ್ಥವಾಗುವಂಥದ್ದೇ. ಆದರೆ ಸಿಗರೇಟು ಬಿಟ್ಟರೆ ಅಮಲಿನ ಚಿಕಿತ್ಸೆ ಕೆಡುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹಿಂದೆ ವೈದ್ಯರಲ್ಲೂ ಹಲವರು ಹಾಗೆ ನಂಬಿದ್ದರು. ಅಧ್ಯಯನಗಳು ಅದನ್ನು ಸಮರ್ಥಿಸಿಲ್ಲ.

ಈ ಚಿಕಿತ್ಸೆಯಲ್ಲಿರುವವರಲ್ಲಿ ಬಹುಪಾಲು ಮಂದಿ ಧೂಮಪಾನಿಗಳು. ಹೆರಾಯಿನ್‌ನಿಂದ ಪಾರಾದ ಜೀವ ಶ್ವಾಸಕೋಶದ ಕ್ಯಾನ್ಸರಿಗೋ ಹೃದಯಾಘಾತಕ್ಕೋ ತುತ್ತಾಗಬೇಕೇ? ಇವರಿಗೆ ತಂಬಾಕು ಬಿಡುವುದು ಇತರರಿಗಿಂತ ಕಷ್ಟ. ಬರೀ ಉಪದೇಶ ಸಾಲದು, ಔಷಧಿಯೂ ಬೇಕು. ನಿಕೋಟಿನ್ ಪಟ್ಟಿ, ನಿಕೋಟಿನ್ ಗಮ್, ವೆರೆನಿಕ್ಲಿನ್ ಮಾತ್ರೆ ಇವೆ. ಯಾವುದು, ಎಷ್ಟು ಎಂಬುದನ್ನು ಚಿಕಿತ್ಸೆ ನೀಡುವ ವೈದ್ಯರೇ ಹೇಳಬೇಕು. ಗಮ್ಮನ್ನು ಚೂಯಿಂಗ್ ಗಮ್‌ನಂತೆ ಒಂದೇ ಸಮನೆ ಅಗಿದರೆ ಬಿಕ್ಕಳಿಕೆ, ಹೊಟ್ಟೆಯುರಿ ಬರಬಹುದು. ನಾಲ್ಕಾರು ಬಾರಿ ಅಗಿದು, ಖಾರವೆನಿಸಿದಾಗ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಬೇಕು. ಖಾರ ಇಳಿದ ಮೇಲೆ ಮತ್ತೆ ಅಗಿಯಬೇಕು. ಹೀಗೆ ಸುಮಾರು 30 ನಿಮಿಷ. ಅದಕ್ಕೆ 15 ನಿಮಿಷ ಮೊದಲು ಚಹಾ, ಕಾಫಿ, ಲಿಂಬೆ ಶರಬತ್ತು ಬೇಡ.

ನಾಲಿಗೆಯ ಕೆಳಗಿಡುವ ಬುಪ್ರೆನಾರ್ಫಿನ್ ಮಾತ್ರೆ ತೆಗೆದುಕೊಳ್ಳುವವರು ಅದಕ್ಕೆ ಮುಂಚೆ ಸಿಗರೇಟು ಸೇದಬಾರದು. ಮಾತ್ರೆ ಪೂರ್ತಿ ಕರಗಿದ ಬಳಿಕ ನೀರಿನಿಂದ ಬಾಯಿ ಮುಕ್ಕಳಿಸಿ ನುಂಗಬೇಕು. ಹಲ್ಲು ಕೆಡದಿರಲು ಬ್ರಷ್ ಮಾಡುವುದನ್ನು ಒಂದು ಗಂಟೆ ತಡೆಯಬೇಕು. ಮಿಸ್ವಾಕ್‌ಗೂ ಅದೇ ಎಚ್ಚರಿಕೆ ಇರಲಿ.

ಇನ್ನೊಂದು ಅಪಾಯ ಹೇಳಲೇಬೇಕು. "ಇಂದಿನಿಂದ ಎಲ್ಲವನ್ನೂ ಬಿಟ್ಟೆ" ಎಂದು ತೌಬಾ ಮಾಡಿ, ಸಿಗರೇಟಿನೊಂದಿಗೆ ಬುಪ್ರೆನಾರ್ಫಿನ್ ಮಾತ್ರೆಯನ್ನೂ ಎಸೆದುಬಿಡುವವರಿದ್ದಾರೆ. ಆ ಮಾತ್ರೆ ಮದ್ದು, ಅಮಲಲ್ಲ. ಅದನ್ನು ತಾವಾಗಿ ನಿಲ್ಲಿಸಿ ಕೆಲವು ವಾರಗಳ ನಂತರ ಹಳೆಯ ಪ್ರಮಾಣದ ಹೆರಾಯಿನ್‌ಗೆ ಮರಳಿದರೆ ದೇಹ ತಾಳದು, ಉಸಿರೇ ನಿಲ್ಲಬಹುದು.

ರಮಝಾನ್ ಒಳ್ಳೆಯ ಅವಕಾಶ. ಹಗಲಿಡೀ ಸೇದದೆ ಇರುವವನು ಸೋಲುವುದು ಹೆಚ್ಚಾಗಿ ಇಫ್ತಾರಿನ ನಂತರದ ಮೊದಲ ಸಿಗರೇಟಿನಲ್ಲಿ. ಆ ಹೊತ್ತಿಗೆ ಗಮ್ ಕೈಯಲ್ಲಿರಲಿ, ಮನೆಯವರೊಬ್ಬರು ಜೊತೆಗಿರಲಿ. ಬುಪ್ರೆನಾರ್ಫಿನ್ ಅನ್ನು ಸಹ್ರಿಗೆ ಅಥವಾ ಇಫ್ತಾರಿನ ಬಳಿಕಕ್ಕೆ ಹೊಂದಿಸುವ ಬಗ್ಗೆ ಮೊದಲೇ ವೈದ್ಯರೊಡನೆ ಮಾತನಾಡಿ. ಉಪವಾಸದಲ್ಲಿ ಚರ್ಮಕ್ಕೆ ಅಂಟಿಸುವ ಪಟ್ಟಿಯ ಬಗ್ಗೆ ಸಂದೇಹವಿದ್ದರೆ ಉಲಮಾಗಳನ್ನು ಕೇಳಿ.

ನಡುವೆ ಒಮ್ಮೆ ಸೇದಿಬಿಟ್ಟರೆ ಬೈಯಬೇಡಿ. ಯಾವ ಹೊತ್ತಿಗೆ, ಯಾರ ಜೊತೆ ಎಂದು ಕೇಳಿ ಬರೆದಿಟ್ಟು ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತೋರಿಸಿ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356. ಕರೆ ಉಚಿತ, ಕನ್ನಡದಲ್ಲೂ ಮಾತನಾಡಬಹುದು.