ಬಚ್ಚಲೊಲೆಯ ಬೆಕ್ಕಿಗೆ ಕೆಮ್ಮು

ಸೀತೂರಿನ ಅಮ್ಮನವರೇ,

ಬೆಕ್ಕಿನ ಹೊಟ್ಟೆಯಲ್ಲಿ ಕೂದಲುಂಡೆ ಸಿಕ್ಕಿರಬೇಕು ಅಂತ ಬರೆದಿದ್ದೀರಿ. ಮೂರು ವಾರ ಕೆಮ್ಮಿಯೂ ಒಂದು ಉಂಡೆ ಹೊರಬಿದ್ದಿಲ್ಲ ಎಂದರೆ ನನ್ನ ಗುಮಾನಿ ಶ್ವಾಸಕೋಶದ ಮೇಲೆ. ವಾಂತಿಯಾದರೆ ಹೊಟ್ಟೆ ಹಿಂಡುತ್ತದೆ; ಕುಕ್ಕರಿಸಿ, ಕತ್ತು ಚಾಚಿ, ಕೊನೆಗೆ ಏನೋ ನುಂಗಿದಂತೆ ಮಾಡಿದರೆ ಅದು ಕೆಮ್ಮು. ಮೊಬೈಲಿನಲ್ಲಿ ವಿಡಿಯೊ ಮಾಡಿಡಿ. ಡಾಕ್ಟರ ಮೇಜಿನ ಮೇಲೆ ಯಾವ ಬೆಕ್ಕೂ ಕೆಮ್ಮುವುದಿಲ್ಲ!

ಮಳೆಗಾಲವಿಡೀ ಬಚ್ಚಲೊಲೆಯ ಪಕ್ಕದಲ್ಲೇ ಮಲಗುತ್ತದಲ್ಲ, ಹಸಿ ಸೌದೆಯ ಹೊಗೆ ಆಸ್ತಮಾ ಕೆರಳಿಸುತ್ತದೆ. ಹತ್ತು ದಿನ ಬೇರೆ ಕಡೆ ಮಲಗಿಸಿ ನೋಡಿ. ಆದರೆ ನಿಮ್ಮದು ತೋಟದಲ್ಲಿ ಬೇಟೆಯಾಡುವ ಬೆಕ್ಕು. ಶ್ವಾಸಕೋಶದ ಹುಳುವಿನ ಮರಿಗಳು ಬಸವನಹುಳು, ಸಿಂಬಳದ ಹುಳುಗಳಲ್ಲಿ ಬೆಳೆಯುತ್ತವೆ. ಅವನ್ನು ತಿಂದ ಇಲಿ, ಕಪ್ಪೆ, ಹಕ್ಕಿಗಳ ಮೂಲಕ ಬೆಕ್ಕಿಗೆ ಸೇರುತ್ತವೆ. ಮಾಮೂಲಿ ಮಲಪರೀಕ್ಷೆಯಲ್ಲಿ ಅವು ತಪ್ಪಿಸಿಕೊಳ್ಳಬಹುದು. ಮರಿಹುಳುವನ್ನೇ ಹುಡುಕುವ ಪರೀಕ್ಷೆ ಬೇರೆ ಇದೆ, ಕೇಳಿ ಮಾಡಿಸಿ. ಈ ಹುಳುವಿಗೆ ಮದ್ದಿದೆ.

ಹೃದಯದ ಕಾಯಿಲೆಯಲ್ಲಿ ನಾಯಿಯಷ್ಟು ಬೆಕ್ಕು ಕೆಮ್ಮುವುದಿಲ್ಲ, ಉಸಿರು ಮಾತ್ರ ಜೋರಾಗುತ್ತದೆ. ನಿಮ್ಮ ಬೆಕ್ಕಿಗೆ 11 ವರ್ಷವೆಂದರೆ ಗಡ್ಡೆಯ ಸಾಧ್ಯತೆಯನ್ನೂ ತಳ್ಳಿಹಾಕುವಂತಿಲ್ಲ, ಹಾಗಾಗಿ ಎದೆಯ ಎಕ್ಸ್‌ರೇ ಬೇಕೇಬೇಕು. ಕೊಪ್ಪದಲ್ಲಿ ಆಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ.

ನಿದ್ದೆಯಲ್ಲಿರುವಾಗ ಪಕ್ಕೆ ಏರಿಳಿಯುವುದನ್ನು ಎಣಿಸಿ. ನಿಮಿಷಕ್ಕೆ 30 ದಾಟುತ್ತಿದ್ದರೆ ತಡಮಾಡಬೇಡಿ; ಬಾಯಿ ತೆರೆದು ಉಸಿರಾಡಿದರಂತೂ ಆಗಲೇ ಹೊರಡಿ. ಮನೆಯಲ್ಲಿದೆಯೆಂದು ಪ್ಯಾರಸಿಟಮಾಲ್ ಚೂರು ಮಾತ್ರ ಕೊಡಬೇಡಿ, ಬೆಕ್ಕಿಗೆ ಅದು ವಿಷ.