ಆಯೇರಿನ ಗಂಟು, ಹಳೆಯ ಪಾಸ್‌ಬುಕ್

ಲಗ್ನದ ದಿನಗಳು ಮುಗಿದು ರೋಹಿಣಿ ಮಳೆಯ ದಾರಿ ಕಾಯುವ ಹೊತ್ತಿಗೆ ನಮ್ಮ ಹಿರೇಕೆರೂರು ಸೀಮೆಯ ಬಹಳಷ್ಟು ಮನೆಗಳಲ್ಲಿ ಎರಡು ಸಂಗತಿ ಜೊತೆಜೊತೆಗೇ ನಡೆದಿರುತ್ತವೆ. ಬೀಜ-ಗೊಬ್ಬರಕ್ಕೆ ಕೈಯಲ್ಲಿ ರೊಕ್ಕ ಇರುವುದಿಲ್ಲ. ತಿಜೋರಿಯಲ್ಲಿ ಇನ್ನೊಂದು ಅರಿವೆ ಇಡಲಿಕ್ಕೆ ಜಾಗ ಇರುವುದಿಲ್ಲ. ಇವೆರಡೂ ಒಂದೇ ಲೆಕ್ಕದ ಎರಡು ತುದಿಗಳು ಎಂಬುದು ನನಗೆ ಸ್ಪಷ್ಟವಾದದ್ದು, ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಸಾಮಾನನ್ನೆಲ್ಲ ಪಡಸಾಲೆಗೆ ತಂದು ಹರವಿದಾಗ.

ನಮ್ಮದು ಅತ್ತೆ-ಮಾವ, ಮೈದುನ-ನೆಗೆಣ್ಣಿ, ಮಕ್ಕಳು ಎಲ್ಲ ಕೂಡಿ ಇರುವ ಮನೆ. ಮನೆಯಲ್ಲಿ ಸಾಮಾನು ಹೆಚ್ಚಾಗುವುದು ಅಂಗಡಿ ಸುತ್ತುವ ಚಟದಿಂದ ಎಂದು ದೊಡ್ಡ ಊರಿನವರು ಬರೆಯುವುದನ್ನು ಓದಿದ್ದೇನೆ. ನಮ್ಮಲ್ಲಿ ಹಾಗಲ್ಲ. ನಮ್ಮತ್ತೆ ತಮಗೆಂದು ಸೀರೆ ಕೊಂಡದ್ದು ಬಹಳ ಕಡಿಮೆ. ಆದರೂ ಅವರ ತಿಜೋರಿಯ ಬಾಗಿಲು ಹಾಕಲು ಇಬ್ಬರು ಬೇಕಾಗುತ್ತಿತ್ತು. ಒಳಗಿದ್ದದ್ದೆಲ್ಲ ಆಯೇರಿನ ಅರಿವೆ. ಹಳೇ ಮೈಸೂರಿನವರು ಮುಯ್ಯಿ ಅನ್ನುವುದನ್ನು ನಾವು ಆಯೇರು ಅನ್ನುತ್ತೇವೆ. ಹೆಣ್ಣುಮಕ್ಕಳಿಗೆ ಸೀರೆ ಇಲ್ಲವೇ ಜಂಪರ್ ಪೀಸು, ಗಂಡಸರಿಗೆ ಟಾವೆಲ್ಲು, ಅಂಗಿ ಪೀಸು, ಹತ್ತಿರದ ಬೀಗರಿಗೆ ಪೂರಾ ಅರಿವೆ. ಯಾರು ಏನು ತಂದರು ಎಂಬುದನ್ನು ಬರೆದಿಡಲು ಪ್ರತಿ ಮನೆಯಲ್ಲೂ ಒಂದು ವಹಿ ಇರುತ್ತದೆ. ಅವರ ಮನೆಯ ಕಾರ್ಯಕ್ಕೆ ಹೋಗುವಾಗ ಆ ವಹಿ ತೆಗೆದು ನೋಡಿ, ಅಷ್ಟರದ್ದೇ, ಇಲ್ಲವೇ ತುಸು ಹೆಚ್ಚಿನದು ಒಯ್ಯಬೇಕು.

ಈಗಿನ ಜಂಪರ್ ಪೀಸುಗಳಲ್ಲಿ ಹೆಚ್ಚಿನವು ಪಾಲಿಸ್ಟರ್. ಹೊಲಿಸುವ ಕೂಲಿಯೇ ಬಟ್ಟೆಯ ಬೆಲೆಗಿಂತ ಹೆಚ್ಚಾಗುವುದರಿಂದ ಯಾರೂ ಹೊಲಿಸುವುದಿಲ್ಲ. ಬಂದದ್ದು ಹಾಗೇ ಮಡಿಚಿ ಇನ್ನೊಬ್ಬರಿಗೆ ಹೋಗುತ್ತದೆ, ಅಲ್ಲಿಂದ ಮತ್ತೊಬ್ಬರಿಗೆ. ಕೊಂಡವರ ರೊಕ್ಕ ಮಾತ್ರ ಖರ್ಚಾಗಿರುತ್ತದೆ. ಬಟ್ಟೆ ಯಾರ ಮೈಗೂ ಏರಿರುವುದಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯ ಬಸ್ಸು ಬಂದ ಮೇಲೆ ಹೆಣ್ಣುಮಕ್ಕಳು ರಾಣೇಬೆನ್ನೂರಿಗೆ ಹೋಗಿ ಅರಿವೆ ತರುವುದೂ, ದೂರದ ಲಗ್ನಗಳಿಗೆ ಹೋಗುವುದೂ ಸಲೀಸಾಗಿದೆ. ಅದು ಒಳ್ಳೆಯದೇ, ತವರಿನ ಮುಖ ಅಪರೂಪವಾಗಿದ್ದವರೂ ಈಗ ಹೋಗಿಬರುತ್ತಾರೆ. ಆದರೆ ಹೋದಷ್ಟೂ ಕಡೆ ಆಯೇರು ಒಯ್ಯಬೇಕಲ್ಲ.

ಲೆಕ್ಕ ಹಾಕೋಣ. ಒಂದು ಮನೆಯವರು ಆಯೇರಿಗೆಂದು ವರ್ಷಕ್ಕೆ 12,000 ರೂಪಾಯಿಯ ಅರಿವೆ ಕೊಳ್ಳುತ್ತಾರೆ ಎನ್ನಿ. ನಮ್ಮ ಕಡೆ ಇದು ದೊಡ್ಡ ಮೊತ್ತವೇನಲ್ಲ. ತಿಂಗಳಿಗೆ 1,000 ಆಯಿತು. ಅದನ್ನೇ ಅಂಚೆ ಕಚೇರಿಯ ಐದು ವರ್ಷದ ಆರ್‌ಡಿಗೆ ಕಟ್ಟಿದರೆ, 6.7ರ ಬಡ್ಡಿ ದರದಲ್ಲಿ, ಕಟ್ಟಿದ 60,000ಕ್ಕೆ 71,000ಕ್ಕಿಂತ ಹೆಚ್ಚು ಬರುತ್ತದೆ. ಇಷ್ಟು ಹೇಳಿ ಆಯೇರನ್ನೇ ನಿಲ್ಲಿಸಿಬಿಡಿ ಅಂದರೆ ಅದು ತಪ್ಪು ಸಲಹೆ. ಲಗ್ನದ ಮನೆಯವರ ಕೈಗೆ ಆ ದಿನ ನಾಲ್ಕು ಕಾಸು ಸೇರಲಿ ಎಂದೇ ಈ ಪದ್ಧತಿ ಹುಟ್ಟಿದ್ದು. ಬಡ್ಡಿಯಿಲ್ಲದ ಸಾಲವನ್ನು ಇಡೀ ಬಳಗ ಸೇರಿ ಕೊಟ್ಟು, ಮುಂದೆ ತಮ್ಮ ಮನೆಯ ಕಾರ್ಯಕ್ಕೆ ಮರಳಿ ಪಡೆಯುವ ಏರ್ಪಾಡು ಅದು. ಯಾರೂ ಉಡದ ಪಾಲಿಸ್ಟರ್ ಸೀರೆಯಿಂದ ಆ ಕೆಲಸ ಆಗುವುದಿಲ್ಲ, ರೊಕ್ಕದಿಂದ ಆಗುತ್ತದೆ. ವಧೂವರರಿಗೆ ಮದುವೆಯ ಉಡುಗೊರೆಯಾಗಿ ಬಂದದ್ದಕ್ಕೆ, ಕೊಟ್ಟವರು ಯಾರೇ ಇರಲಿ, ಆದಾಯ ತೆರಿಗೆಯೂ ಇಲ್ಲ. ಮನೆಶಾಂತಿಯಂಥ ಬೇರೆ ಕಾರ್ಯಗಳಲ್ಲಿ ಮಾತ್ರ, ಹತ್ತಿರದ ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ದಾಟಿ ಬಂದರೆ ಲೆಕ್ಕಕ್ಕೆ ಬರುತ್ತದೆ.

ಇದನ್ನು ಮನೆಯಲ್ಲಿ ಮಾತಿಗೆ ಇಟ್ಟಾಗ ಅತ್ತೆಯವರು ಕೇಳಿದ್ದು ಒಂದೇ: “ಬರೇ ರೊಕ್ಕ ಕೊಟ್ರ ಮರ್ಯಾದಿ ಹೆಂಗ ಆಗ್ತೈತವಾ? ಸೀರಿ ಅಂದ್ರ ಮುಟ್ಟಿ ನೋಡ್ತಾರ, ಯಾರ್ ತಂದ್ರು ಅಂತ ನೆನಸ್ತಾರ.” ಅವರ ಮಾತಿನಲ್ಲಿ ಸತ್ಯವಿದೆ. ಹಾಗಾಗಿ ನಾವು ಮಾಡಿಕೊಂಡ ಒಪ್ಪಂದದಲ್ಲಿ ಅವರ ಮಾತಿಗೂ ಜಾಗ ಕೊಟ್ಟೆವು. ದೂರದ ಪರಿಚಯಕ್ಕೆ ಲಕೋಟೆಯಲ್ಲಿ ರೊಕ್ಕ. ಹೆಣ್ಣುಮಕ್ಕಳಿಗೆ, ತವರಿನವರಿಗೆ ಅರಿವೆಯೇ, ಆದರೆ ಉಡುವಂಥದ್ದು. ಉಡಿ ತುಂಬಲು ಜಂಪರ್ ಪೀಸು ಬಿಟ್ಟು ಗುಳೇದಗುಡ್ಡದ ಖಣ. ಒಂದೊಂದರ ಬೆಲೆ ಹೆಚ್ಚು, ಕೊಡುವುದು ಕಡಿಮೆ ಜನಕ್ಕೆ, ಆದರೆ ಅದನ್ನು ಹೊಲಿಸಿಕೊಂಡು ತೊಡುತ್ತಾರೆ. ನಮ್ಮ ಮನೆಯ ಕಾರ್ಯಕ್ಕೆ ಕರೆಯುವಾಗಲೇ “ಅರಿವಿ ತರಬ್ಯಾಡ್ರಿ” ಎಂದು ಬಾಯಿಬಿಟ್ಟು ಹೇಳುವುದು. ಕೊನೆಯದು ಎಲ್ಲಕ್ಕಿಂತ ಕಠಿಣ. ಕಾರ್ಡಿನಲ್ಲಿ ಅಚ್ಚು ಹಾಕಿಸಿದರೆ ಯಾರೂ ನಂಬುವುದಿಲ್ಲ; ಮನೆಗೆ ಹೋಗಿ ಹೇಳಬೇಕು.

ತಿಜೋರಿಯಲ್ಲಿ ಈಗಾಗಲೇ ಇದ್ದುದನ್ನು ಏನು ಮಾಡುವುದು? ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ನೂಲಿನ ಸೀರೆ ಉಟ್ಟು ಉಟ್ಟು ಮೆತ್ತಗಾದ ಮೇಲೆ ಕೌದಿಯಾಗುತ್ತಿತ್ತು. ಕೌದಿ ಹೊಲಿಯುವ ಹೆಣ್ಣುಮಕ್ಕಳು ಬಂದು ಕಟ್ಟೆಯ ಮೇಲೆ ಕುಳಿತು ಹಳೆಯ ಇಳಕಲ್ ಸೀರೆಗಳನ್ನು ಪದರಪದರವಾಗಿ ಹಾಸಿ ದಾರ ಎಳೆಯುತ್ತಿದ್ದರು. ಮನೆಗೆ ಬಂದ ಬಟ್ಟೆಗೆ ಹೊರಗೆ ಹೋಗುವ, ಇಲ್ಲವೇ ಬೇರೆ ರೂಪ ತಾಳುವ ದಾರಿ ಇತ್ತು. ಪಾಲಿಸ್ಟರ್ ಬೆವರು ಹೀರುವುದಿಲ್ಲ, ಅದರ ಕೌದಿ ಜಾರುತ್ತದೆ, ಹೊದ್ದರೆ ಉಬ್ಬಸ. ಹಾಗಾಗಿ ಬಟ್ಟೆ ಒಳಗೆ ಬರುವುದು ಹೆಚ್ಚಾಯಿತು, ಹೊರಗೆ ಹೋಗುವ ದಾರಿ ಮುಚ್ಚಿತು. ನಾವು ನೂಲಿನವನ್ನು ಬೇರೆ ಮಾಡಿ ಕೌದಿಗೆ ಕೊಟ್ಟೆವು. ಹೊಸದಾಗಿಯೇ ಉಳಿದಿದ್ದ ಸೀರೆಗಳನ್ನು ಉಡುವವರಿಗೆ ಕರೆದು ಕೊಟ್ಟೆವು. ಉಳಿದದ್ದನ್ನು ಅರಿವೆಗೆ ಭಾಂಡೆ ಕೊಡುವವಳು ಒಯ್ದಳು. ಅವಳಿಂದ ಮತ್ತೊಂದು ಬುಟ್ಟಿ ಮನೆಗೆ ಬಾರದ ಹಾಗೆ ನೆಗೆಣ್ಣಿ ಗಟ್ಟಿಯಾಗಿ ನಿಂತಳು.

ಭಾಂಡೆಯ ಕಥೆ ಬೇರೆ. ನಮ್ಮಲ್ಲಿ ಸ್ಟೀಲಿನ ಪಾತ್ರೆಯ ಮೇಲೆ ಕೊಟ್ಟವರ ಹೆಸರು, ತಾರೀಖು ಕೊರೆಸುತ್ತಾರೆ. ಒಂದು ತಂಬಿಗೆಯನ್ನು ತೆಗೆದುಹಾಕೋಣ ಎಂದರೆ ಅದರ ಮೇಲೆ ತೀರಿಹೋದ ಸೋದರಮಾವನ ಹೆಸರು. ಇಂಥವನ್ನು ಮುಟ್ಟಬಾರದು ಎಂಬುದು ನನ್ನ ಅಭಿಪ್ರಾಯ. ಒಂದು ತಂಬಿಗೆಯಿಂದ ಯಾವ ಮನೆಯೂ ಇಕ್ಕಟ್ಟಾಗುವುದಿಲ್ಲ. ಇಕ್ಕಟ್ಟಾಗುವುದು ನೂರು ಜನರ ಅಡುಗೆಯ ಬೋಗುಣಿ, ಕೊಪ್ಪರಿಗೆ, ಜಾರಿಗಳಿಂದ. ವರ್ಷಕ್ಕೊಮ್ಮೆಯೂ ನಾಗೊಂದಿಗೆಯಿಂದ ಇಳಿಯದ ಇವೆಲ್ಲ ಶಾಮಿಯಾನದವರ ಹತ್ತಿರ ಬಾಡಿಗೆಗೆ ಸಿಗುತ್ತವೆ. ನಾವು ದೊಡ್ಡವನ್ನು ಗುಡಿಯ ಪ್ರಸಾದದ ಅಡುಗೆಗೆ ಕೊಟ್ಟೆವು. ಬೇಕೆಂದಾಗ ನಾವೂ ತಂದು ಬಳಸಬಹುದು. ತಾಮ್ರದ ಹಂಡೆಯನ್ನು ಮಾತ್ರ ಮಾರಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಮೋಡಕಾದವರು ತೂಕಕ್ಕೆ ಕೊಡುವುದು ಹಳೆಯ ಲೋಹದ ಬೆಲೆ. ಅದೇ ದಪ್ಪದ ಹಂಡೆಯನ್ನು ಮತ್ತೆ ಮಾಡಿಸಲು ಹೊರಟರೆ ಆ ಬೆಲೆ ಎಲ್ಲಿಯೂ ಸಾಲದು.

ಹಿತ್ತಲ ಕೋಣೆಯಲ್ಲಿ ಗೊಬ್ಬರದ ಚೀಲಗಳಿದ್ದವು. ಇದರ ಬಗ್ಗೆ ಮೈದುನನಿಗೂ ನನಗೂ ಇನ್ನೂ ಒಮ್ಮತವಿಲ್ಲ. ಮುಂದಿನ ಹಂಗಾಮಿಗೆಂದು ಬೇಸಿಗೆಯ ನಡುವೆಯೇ ಡಿಎಪಿ, ಯೂರಿಯಾ ತಂದು ಒಟ್ಟುವುದು ನಮ್ಮ ಕಡೆ ರೂಢಿ. 1,350 ರೂಪಾಯಿಯ ಡಿಎಪಿ ಹತ್ತು ಚೀಲ ತಂದರೆ 13,500 ರೂಪಾಯಿ ಆ ಕೋಣೆಯಲ್ಲಿ ಕೂತಂತೆ. ಸಹಕಾರಿ ಸಂಘದ ಬಡ್ಡಿಯಿಲ್ಲದ ಬೆಳೆ ಸಾಲದಿಂದಾದರೆ ಸರಿ. ಅಂಗಡಿಯ ಉದ್ರಿಯಿಂದ ತಂದಿದ್ದರೆ ಚೀಲಕ್ಕೆ ಚೀಲವೇ ಬಡ್ಡಿ ತಿನ್ನುತ್ತದೆ. ಯೂರಿಯಾ ಬೇರೆ ತೇವ ಹೀರಿ ಗಟ್ಟಿಯಾಗುತ್ತದೆ. ಲೆಕ್ಕ ಹೀಗಿದ್ದರೂ ಮೈದುನ ಹೇಳುವುದನ್ನು ನಾನು ತಳ್ಳಿಹಾಕಲಾರೆ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಗಿ ಇಬ್ಬರು ಜೀವ ಕಳೆದುಕೊಂಡರು. ಆ ವರ್ಷ ಸರದಿಯಲ್ಲಿ ನಿಂತವರಿಗೆ “ಬೇಕಾದಾಗ ತಂದರಾಯಿತು” ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಮನೆಯಲ್ಲಿ ಕೂಡಿಟ್ಟ ಎಷ್ಟೋ ವಸ್ತುಗಳ ಹಿಂದೆ ಹೀಗೆ ಒಂದು ಹಳೆಯ ಅಭಾವದ ನೆನಪು ಇರುತ್ತದೆ. ಅದನ್ನು ಕೇಳಿಸಿಕೊಳ್ಳದೆ ಸ್ವಚ್ಛಗೊಳಿಸಲು ಹೊರಟವರ ಮನೆಯಲ್ಲಿ ಜಗಳವಾಗುತ್ತದೆ. ಸದ್ಯಕ್ಕೆ ಬಿತ್ತನೆಗೆ ಬೇಕಾದ ಡಿಎಪಿ ಮಾತ್ರ ಮುಂಚೆ, ಮೇಲುಗೊಬ್ಬರದ ಯೂರಿಯಾ ಆಮೇಲೆ ಎಂಬಲ್ಲಿಗೆ ಮಾತು ನಿಂತಿದೆ.

ಇಷ್ಟೆಲ್ಲ ಅರಿವೆ, ಭಾಂಡೆ, ಚೀಲ ಎತ್ತಿಟ್ಟ ಮೇಲೆ ಎಲ್ಲಕ್ಕಿಂತ ಹೆಚ್ಚು ರೊಕ್ಕ ಸಿಕ್ಕದ್ದು ಕಾಗದದ ಗಂಟಿನಲ್ಲಿ. ಮಾವನವರ ಸಂದೂಕದಲ್ಲಿ ಉತಾರಗಳು, ವಾಟ್ನಿ ಪತ್ರ, ಬೀಜದ ಪಾವತಿಗಳು, ವಿದ್ಯುತ್ ಬಿಲ್ಲುಗಳು, ಪಾಸ್‌ಬುಕ್ಕುಗಳು ಎಲ್ಲ ಒಂದೇ ಗಂಟಿನಲ್ಲಿದ್ದವು. ಖರೀದಿ ಪತ್ರ, ವಾಟ್ನಿ ಪತ್ರಗಳ ಅಸಲನ್ನು ಜೀವದಂತೆ ಕಾಯಬೇಕು. ಹಳೆಯ ಉತಾರಗಳ ಕಟ್ಟು ಬೇಡ, ಭೂಮಿ ತಂತ್ರಾಂಶದಿಂದ ಈಗಿನ ಪಹಣಿ ಯಾವಾಗ ಬೇಕಾದರೂ ಸಿಗುತ್ತದೆ. ಬೀಜದ ಪಾವತಿ, ಚೀಲದ ಚೀಟಿಗಳನ್ನು ಆ ಬೆಳೆ ಕೈಗೆ ಬರುವವರೆಗೆ ಇಟ್ಟುಕೊಳ್ಳಿ. ಮೊಳಕೆ ಬಾರದಿದ್ದರೆ ದೂರು ಕೊಡಲು ಅವೇ ಸಾಕ್ಷಿ. ಬೆಳೆ ಬಂದ ಮೇಲೆ ಒಲೆಗೆ ಹಾಕಿ.

ಪಾಸ್‌ಬುಕ್ಕುಗಳಲ್ಲಿ ಒಂದು ಮಲಪ್ರಭಾ ಗ್ರಾಮೀಣ ಬ್ಯಾಂಕಿನದು, ಮಾವನವರ ತಂದೆಯ ಹೆಸರಿನದು. ಆ ಬ್ಯಾಂಕು 2005ರಲ್ಲಿ ಬೇರೆ ಮೂರು ಗ್ರಾಮೀಣ ಬ್ಯಾಂಕುಗಳ ಜೊತೆ ಸೇರಿ ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಆಯಿತು. 2025ರ ಮೇ 1ರಿಂದ ಅದೂ ಬಳ್ಳಾರಿಯಲ್ಲಿ ಪ್ರಧಾನ ಕಚೇರಿಯಿರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಒಂದಾಗಿದೆ. ಸಿಂಡಿಕೇಟ್ ಇದ್ದದ್ದು ಕೆನರಾ ಆಯಿತು, ವಿಜಯಾ ಇದ್ದದ್ದು ಬ್ಯಾಂಕ್ ಆಫ್ ಬರೋಡಾ ಆಯಿತು. ಬ್ಯಾಂಕಿನ ಹೆಸರು ಹೋಯಿತೆಂದು ರೊಕ್ಕವೂ ಹೋಯಿತು ಅಂದುಕೊಂಡು ಪಾಸ್‌ಬುಕ್ಕನ್ನು ರದ್ದಿಗೆ ಹಾಕುವವರಿದ್ದಾರೆ. ಹಾಗೆ ಮಾಡಬೇಡಿ. ಎರಡು ವರ್ಷ ವ್ಯವಹಾರ ಇಲ್ಲದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಹತ್ತು ವರ್ಷ ಯಾರೂ ಕೇಳದಿದ್ದರೆ ಆ ಮೊತ್ತ ರಿಸರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ಹೋಗುತ್ತದೆ. ಅಲ್ಲಿಗೆ ಹೋದ ಮೇಲೂ ಅದು ನಿಮ್ಮದೇ, ಕೇಳಲು ಕಾಲಮಿತಿ ಇಲ್ಲ, ಅದೇ ಬ್ಯಾಂಕಿನ ಮೂಲಕ ಪಡೆಯಬಹುದು. 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ಆರಂಭಿಸಿದ ಉದ್ಗಮ್ ಜಾಲತಾಣದಲ್ಲಿ ಖಾತೆದಾರರ ಹೆಸರು, ಪ್ಯಾನ್ ಅಥವಾ ಜನ್ಮ ದಿನಾಂಕ ಕೊಟ್ಟು ಹುಡುಕಬಹುದು. ಗ್ರಾಮೀಣ ಬ್ಯಾಂಕಿನ ಹಳೆಯ ಪಾಸ್‌ಬುಕ್ ಇದ್ದರೆ ಮರಣ ಪ್ರಮಾಣಪತ್ರ, ವಂಶಾವಳಿ ಹಿಡಿದು ನೇರ ಶಾಖೆಗೇ ಹೋಗುವುದು ಒಳ್ಳೆಯದು. ನಾವು ಹಾಗೇ ಮಾಡಿದೆವು, ರೊಕ್ಕ ಬಂತು.

ಅತ್ತೆಯವರ ಕುಂಕುಮದ ಡಬ್ಬಿಯ ತಳದಲ್ಲಿ 2,000 ರೂಪಾಯಿಯ ನೋಟುಗಳೂ ಸಿಕ್ಕವು. 2023ರ ಮೇ 19ರಂದು ಚಲಾವಣೆಯಿಂದ ಹಿಂಪಡೆದಿದ್ದರೂ ಅವು ರದ್ದಾಗಿಲ್ಲ. ಯಾವುದೇ ಅಂಚೆ ಕಚೇರಿಯಿಂದ ಬೆಂಗಳೂರಿನ ರಿಸರ್ವ್ ಬ್ಯಾಂಕಿಗೆ ಕಳಿಸಿದರೆ ನಮ್ಮ ಖಾತೆಗೇ ಜಮೆ ಆಗುತ್ತದೆ.

ಇನ್ನು ನಮ್ಮ ಯಜಮಾನರ ಪಾಸ್‌ಬುಕ್ಕುಗಳು. ಒಂದು ಬೆಳೆ ಸಾಲಕ್ಕೆ ತೆರೆದದ್ದು, ಒಂದು ಗ್ಯಾಸ್ ಸಬ್ಸಿಡಿಗೆ, ಒಂದು ಸಂಬಳಕ್ಕೆ. ಎರಡು ಖಾತೆಗಳಿಂದ ವರ್ಷವರ್ಷವೂ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಗೆ 436, ಸುರಕ್ಷಾ ವಿಮೆಗೆ 20 ರೂಪಾಯಿ ಕಡಿತವಾಗುತ್ತಿತ್ತು. ಒಬ್ಬರು ಎಷ್ಟು ಖಾತೆಗಳಿಂದ ಕಟ್ಟಿದರೂ ಪ್ರತಿ ಯೋಜನೆಯಲ್ಲಿ ಸಿಗುವ ಪರಿಹಾರ 2 ಲಕ್ಷ ಮಾತ್ರ. ಎರಡನೆಯ ಖಾತೆಯಿಂದ ಕಟ್ಟಿದ ಕಂತು ವ್ಯರ್ಥ. ನಿಮ್ಮ ಪಾಸ್‌ಬುಕ್ಕಿನಲ್ಲಿ ಮೇ ಕೊನೆಯ ದಿನಗಳ ನಮೂದು ಒಮ್ಮೆ ನೋಡಿ. ಬೇಡದ ಖಾತೆ ಮುಚ್ಚುವ ಮೊದಲು ಆಧಾರ್‌ಗೆ ಜೋಡಣೆಯಾಗಿ ಸರ್ಕಾರದ ರೊಕ್ಕ ಬರುವುದು ಯಾವ ಖಾತೆಗೆ ಎಂಬುದನ್ನು ಖಚಿತ ಮಾಡಿಕೊಳ್ಳಿ. ಬೆಳೆ ಪರಿಹಾರ ಬರುವ ಖಾತೆಯನ್ನೇ ಮುಚ್ಚಿಬಿಟ್ಟರೆ ಅಲೆದಾಟ ತಪ್ಪದು.

ಕೊನೆಗೆ ನಾಮಿನಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು, ಯಾರಿಗೆ ಎಷ್ಟು ಪಾಲು ಎಂಬುದನ್ನೂ ಬರೆಯಬಹುದು. ನಾಮಿನಿಯ ಕೈಗೆ ಬ್ಯಾಂಕು ರೊಕ್ಕ ಕೊಡುತ್ತದೆ. ವಾರಸುದಾರರ ಹಕ್ಕು ಅದರಿಂದ ಅಳಿಯುವುದಿಲ್ಲ. ಅತ್ತೆಯವರ ಗೃಹಲಕ್ಷ್ಮಿಯ 2,000 ಬೀಳುವ ಖಾತೆಯಲ್ಲಿ ಗಂಡುಮಕ್ಕಳಲ್ಲಿ ಹಿರಿಯರಾದ ನಮ್ಮ ಯಜಮಾನರ ಹೆಸರೊಂದೇ ಇತ್ತು. ನಾಲ್ವರ ಹೆಸರು ಹಾಕಬಹುದು ಎಂದು ನಾನು ಅರ್ಜಿ ಓದಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. ಹೆಣ್ಣುಮಕ್ಕಳಿಬ್ಬರು, ಗಂಡುಮಕ್ಕಳಿಬ್ಬರು. “ಹಂಗಾರ ನಾಕೂ ಮಂದಿದು ಬರಿ. ಹೆಣ್ಮಕ್ಕಳಿಗೆ ಬರೇ ಸೀರಿ ಕೊಟ್ಟಾತು ಇಷ್ಟ ದಿನ. ಎಲ್ಲಾರಿಗೂ ಸಮಾ ಹಚ್ಚು.” ಒಬ್ಬೊಬ್ಬರಿಗೆ ನೂರಕ್ಕೆ ಇಪ್ಪತ್ತೈದು ಎಂದು ಬರೆದು ಅವರ ಸಹಿ ಹಾಕಿಸಿಕೊಂಡಿದ್ದೇನೆ. ಸೋಮವಾರ ಬ್ಯಾಂಕಿಗೆ ಹೋಗುತ್ತಿದ್ದೇವೆ.