ಲಾರಿ ತುಂಬುವ ಮುನ್ನ ಕಾಗದ ನೋಡಿರಿ

ಮೂರು ವರ್ಷದ ಹಿಂದೆ ನಮ್ಮೂರಿನ ನಾಲ್ಕು ಮನೆಯವರು ಕೂಡಿ ಬೆಂಗಳೂರಿಗೆ ಒಂದು ಲಾರಿ ಉಳ್ಳಾಗಡ್ಡಿ ಕಳಿಸಿದೆವು. ಬಾಡಿಗೆ ಅಗ್ಗವೆಂದು ಗುರುತಿಲ್ಲದ ಲಾರಿಯನ್ನು ಗೊತ್ತುಮಾಡಿದ್ದೆವು. ಗಡಿ ದಾಟಿದ ಮೇಲೆ ತಪಾಸಣೆಯಾಯಿತು. ಲಾರಿಯ ಪರವಾನಿಗೆ ಮಹಾರಾಷ್ಟ್ರಕ್ಕೆ ಮಾತ್ರ ಇತ್ತು! ಮೂರು ದಿನ ಲಾರಿ ನಿಂತಲ್ಲೇ ನಿಂತಿತು, ಮೇಲೆ ಮಳೆ ಬೇರೆ. ದಂಡ ಕಟ್ಟಿದವನು ಲಾರಿಯ ಮಾಲಿಕ. ಕೊಳೆತ ಚೀಲಗಳು ನಮ್ಮ ಪಾಲಿಗೆ ಬಂದವು.

ಅಂದು ಕಲಿತ ಪಾಠವಿಷ್ಟು: ಕಾಗದ ಲಾರಿಯವರದು, ಮಾಲು ನಮ್ಮದು. ಅಕ್ಕಲಕೋಟೆ, ಜತ್ತ ಭಾಗದ ನಮ್ಮ ಮಾಲು ವಿಜಯಪುರಕ್ಕೆ ಹೋಗಲಿ, ಬೆಂಗಳೂರಿಗೆ ಹೋಗಲಿ, ರಾಜ್ಯದ ಗಡಿ ದಾಟಲೇಬೇಕು. ಆದಕಾರಣ ಚೀಲ ಏರಿಸುವ ಮುನ್ನ ಈ ಕೆಳಗಿನವುಗಳನ್ನು ಕೇಳಿ ನೋಡಬೇಕು.

1. ನೋಂದಣಿ ಪತ್ರ. ಬಾಡಿಗೆಗೆ ದುಡಿಯುವ ಲಾರಿಯ ನಂಬರು ಸಾಮಾನ್ಯವಾಗಿ ಹಳದಿ ಫಲಕದ ಮೇಲೆ ಕಪ್ಪು ಅಕ್ಷರದಲ್ಲಿರುತ್ತದೆ. ನೋಂದಣಿ ಪತ್ರದಲ್ಲಿ ಬರಿಯ ಗಾಡಿಯ ತೂಕ, ತುಂಬಿದ ಗಾಡಿಯ ಒಟ್ಟು ತೂಕ ಎರಡೂ ಇರುತ್ತವೆ. ಒಂದನ್ನು ಇನ್ನೊಂದರಿಂದ ಕಳೆಯಿರಿ. ಒಟ್ಟು 16,200 ಕಿಲೋ, ಬರಿಯ ಗಾಡಿ 6,200 ಕಿಲೋ ಎಂದಿದ್ದರೆ ಹೇರಬಹುದಾದದ್ದು 10,000 ಕಿಲೋ. ಐವತ್ತು ಕಿಲೋದ 200 ಚೀಲ. ಬಾಡಿಗೆ ಉಳಿಯಲೆಂದು 240 ಹೇರಿದರೆ ಎರಡು ಟನ್ ಹೆಚ್ಚಾಯಿತು. 2019ರ ತಿದ್ದುಪಡಿಯಂತೆ ಹೆಚ್ಚು ಭಾರಕ್ಕೆ 20,000 ರೂಪಾಯಿ, ಅದರ ಮೇಲೆ ಟನ್ನಿಗೆ 2,000 ದಂಡ. ಲೆಕ್ಕ 24,000ಕ್ಕೆ ಹೋಯಿತು. ಹೆಚ್ಚಿನ ಭಾರ ಇಳಿಸದೆ ಲಾರಿಯನ್ನು ಮುಂದೆ ಬಿಡುವುದಿಲ್ಲ. ರಸ್ತೆಯಲ್ಲಿ ಇಳಿಸಿದ ಚೀಲಕ್ಕೆ ಕಾವಲು ಯಾರು?

2. ಪರವಾನಿಗೆ. ಒಂದೇ ರಾಜ್ಯದ ಪರವಾನಿಗೆಯಿಂದ ಗಡಿ ದಾಟಲಾಗದು. ರಾಷ್ಟ್ರೀಯ ಪರವಾನಿಗೆ ಇರಬೇಕು, ಇಲ್ಲವೆ ಆಚೆಯ ರಾಜ್ಯಕ್ಕೆ ಸಲ್ಲುವ ಮೇಲುರುಜು ಅಥವಾ ತಾತ್ಕಾಲಿಕ ಪರವಾನಿಗೆ ಇರಬೇಕು. ಮೋಸ ಹೋಗುವುದು ಇಲ್ಲಿಯೇ: ಪರವಾನಿಗೆಯ ಅವಧಿ ಐದು ವರ್ಷವಾದರೂ ಅದರ ಜೊತೆಗಿನ ಅಧಿಕಾರ ಪತ್ರವನ್ನು ವರ್ಷವರ್ಷ ನವೀಕರಿಸಬೇಕು. ಎರಡೂ ತಾರೀಖು ನೋಡಿರಿ. ಗಾಡಿ, ಮಾಲು ಕೂಡಿ 3,000 ಕಿಲೋ ಮೀರದ ಸಣ್ಣ ಗಾಡಿಗೆ ಪರವಾನಿಗೆ ಬೇಡ. ಉಳಿದ ಕಾಗದ ಬೇಕೇ ಬೇಕು.

3. ಅರ್ಹತಾ ಪತ್ರ. ಫಿಟ್‌ನೆಸ್ ಎನ್ನುತ್ತಾರಲ್ಲ, ಅದು. ಎಂಟು ವರ್ಷದವರೆಗಿನ ಲಾರಿಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಮಾಡಿಸಬೇಕು.

4. ವಿಮೆ. ಮಾಲಿನ ಜೊತೆ ಹೋಗುವ ರೈತ ಚಾಲಕನ ಪಕ್ಕ, ಕೋಣೆಯೊಳಗೆ ಕೂಡ್ರಬೇಕು. ಮಾಲಿನ ಒಡೆಯನಿಗೆ ಲಾರಿಯ ವಿಮೆಯ ರಕ್ಷಣೆಯುಂಟು. ಚೀಲದ ಮೇಲೆ ಮಲಗಿ ಹೋದವನಿಗೆ ಏನಾದರೂ ಆದರೆ ಮನೆಯವರು ಕೋರ್ಟಿಗೆ ಅಲೆಯಬೇಕಾದೀತು.

ಇವಲ್ಲದೆ ಚಾಲಕನ ಲೈಸೆನ್ಸು, ಹೊಗೆ ತಪಾಸಣೆಯ ಚೀಟಿ ಇರಬೇಕು. 50,000 ರೂಪಾಯಿ ಮೀರಿದ ಮಾಲಿಗೆ ಇ-ವೇ ಬಿಲ್ಲು ಬೇಕೆಂದು ಕೆಲವರು ಹೆದರಿಸುತ್ತಾರೆ. ತಾಜಾ ಉಳ್ಳಾಗಡ್ಡಿ, ದ್ರಾಕ್ಷಿ, ದಾಳಿಂಬೆಗೆ ಅದು ಬೇಕಿಲ್ಲ. ವ್ಯಾಪಾರಿ ಕಳಿಸುವ ಒಣದ್ರಾಕ್ಷಿಯ ಮಾತು ಬೇರೆ.

ಕಾಗದ ಇಂಗ್ಲಿಷಿನಲ್ಲಿದೆಯೆಂದು ಹಿಂಜರಿಯಬೇಡಿರಿ. ಶಾಲೆಗೆ ಹೋಗುವ ಮಕ್ಕಳಿಂದ ತಾರೀಖುಗಳನ್ನು ಓದಿಸಿರಿ. ಎಂ-ಪರಿವಾಹನ್ ಎಂಬ ಸರಕಾರಿ ಆ್ಯಪಿನಲ್ಲಿ ಲಾರಿಯ ನಂಬರು ಹಾಕಿದರೆ ನೋಂದಣಿ, ಅರ್ಹತೆ, ವಿಮೆಗಳ ಅವಧಿ ಕಾಣುತ್ತದೆ. ಅದಾದ ಮೇಲೆ ನಂಬರು, ಚಾಲಕನ ಹೆಸರು, ಚೀಲದ ಲೆಕ್ಕ ಬರೆದು ರುಜು ಮಾಡಿಸಿಕೊಳ್ಳಿರಿ.

ನಾವು ಈಗ ಹಾಗೆಯೇ ಮಾಡುತ್ತೇವೆ. ಹತ್ತು ನಿಮಿಷ ಹಿಡಿಯುತ್ತದೆ. ಕಾಗದ ತೋರಿಸಲು ಒಲ್ಲದ ಲಾರಿ ಎಷ್ಟು ಅಗ್ಗವಾದರೂ ನಮಗೆ ಬೇಡ.